ಸತ್ತ ಕೋಳಿಗೂ ಒಂದು ರೇಟು

ನಮ್ಮ ದೊಡ್ಡಪ್ಪನ ಮಗ ಹಾವೇರಿ ಹತ್ತಿರದ ಹಳ್ಳಿಯಲ್ಲಿ ಬಾಯ್ಲರ್ ಕೋಳಿ ಸಾಕುತ್ತಾನೆ. ಮರಿ, ಮೇವು, ಔಷಧ ಎಲ್ಲ ಕಂಪನಿಯದು. ಶೆಡ್ಡು, ಕರೆಂಟು, ನೀರು, ನಿದ್ದೆಗೇಡು ಇವನದು. ಒಂದು ದಿನದ ಮರಿ ಬರುತ್ತದೆ, ಆರು ವಾರದೊಳಗೆ ಎರಡು ಕೆಜಿ ತೂಗಿ ಹೋಗುತ್ತದೆ. ತೂಕದ ಲೆಕ್ಕದಲ್ಲಿ ಸಾಕಣೆ ಕೂಲಿ. ನಮ್ಮ ಹೊಲದ ಗೋವಿನಜೋಳ ಸುತ್ತಿ ಬಳಸಿ ಅದೇ ಮೇವಿನ ಚೀಲಕ್ಕೆ ಬಂದರೂ ಬರಬಹುದು. ಹಾವೇರಿ ಕಡೆಯ ಗೋವಿನಜೋಳಕ್ಕೆ ಕೋಳಿಯೇ ದೊಡ್ಡ ಗಿರಾಕಿ ಅಲ್ವಾ?

ಕಳೆದ ಬೇಸಿಗೆಯಲ್ಲಿ ಊರಿಗೆ ಹೋದವನಿಗೆ ಹುಬ್ಬಳ್ಳಿಯ ಕೊನೇ ಬಸ್ಸು ತಪ್ಪಿತು. ಅವತ್ತೇ ರಾತ್ರಿ ಕೋಳಿ ಎತ್ತುವುದಿತ್ತು, ಅಂದರೆ ಬೆಳೆದ ಕೋಳಿ ಹಿಡಿದು ಗಾಡಿಗೆ ತುಂಬುವುದು. "ಗಾಡಿ ಹುಬ್ಬಳ್ಳಿಗೇ ಹೊಂಟೈತಿ, ಮುಂದ ಕುಂತು ಹೋಗು" ಅಂದ ಅಣ್ಣ.

ಕೋಳಿ ಎತ್ತುವುದು ರಾತ್ರಿಯ ಕೆಲಸ. ಕತ್ತಲಲ್ಲಿ ಅವು ಜಾಸ್ತಿ ಓಡಾಡುವುದಿಲ್ಲ, ಬಿಸಿಲಿನ ಕಾಟವೂ ಇಲ್ಲ. ಕೆಲವು ತಾಸು ಮೊದಲೇ ಮೇವಿನ ಡಬ್ಬಿ ಮೇಲೆತ್ತಿ ಕಟ್ಟುತ್ತಾರೆ, ನೀರು ಮಾತ್ರ ಬಿಟ್ಟಿರುತ್ತಾರೆ. ಹೊಟ್ಟೆ ತುಂಬಿದ ಕೋಳಿಯನ್ನು ಕೊಯ್ದರೆ ಕರುಳು ಹರಿದು ಹೊಲಸೆಲ್ಲ ಮಾಂಸಕ್ಕೆ ತಾಗುತ್ತದೆ. ಔಷಧ ಕೊಟ್ಟಿದ್ದರೂ ಅಷ್ಟೇ, ಅದರ ಅಂಶ ಮೈಯಿಂದ ಹೋಗುವಷ್ಟು ದಿನ ಕಾಯಬೇಕು. ಕೋಲಿಸ್ಟಿನ್ ಎಂಬ ಔಷಧವನ್ನು ಆಹಾರಕ್ಕೆ ಸಾಕುವ ಕೋಳಿ, ಪ್ರಾಣಿಗಳಿಗೆಂದು ಮಾರುವುದನ್ನಂತೂ ಸರ್ಕಾರ 2019ರಲ್ಲಿ ನಿಷೇಧಿಸಿದೆ. ಮನುಷ್ಯರಿಗೆ ಬೇರೆ ಯಾವ ಔಷಧವೂ ನಾಟದಾಗ ವೈದ್ಯರು ಕೊನೆಗೆ ಕೈಹಾಕುವ ಔಷಧ ಅದು. ಅಣ್ಣ ಇದನ್ನೆಲ್ಲ ಪುಸ್ತಕದಲ್ಲಿ ಬರೆದಿಡುತ್ತಾನೆ.

ಅಷ್ಟು ದಿನದ ಕಾಳಜಿ ಒಂದೆರಡು ತಾಸಿನಲ್ಲಿ ಹಾಳಾಗುವುದನ್ನು ಅವತ್ತು ನೋಡಿದೆ. ಎತ್ತುವ ಹುಡುಗರು ಒಂದೊಂದು ಕೈಯಲ್ಲಿ ಐದಾರು ಕೋಳಿಗಳ ಒಂದೊಂದೇ ಕಾಲು ಹಿಡಿದು, ತಲೆಕೆಳಗೆ ಜೋತಾಡಿಸುತ್ತ ತಂದು ಕ್ರೇಟಿಗೆ ತುರುಕುತ್ತಿದ್ದರು. ಈ ಕೋಳಿಗೆ ಎದೆ ಭಾರ, ಎಲುಬು ಇನ್ನೂ ಎಳೆಯದು. ತೊಡೆಯ ಕೀಲು ತಪ್ಪುತ್ತದೆ, ಕ್ರೇಟಿನ ಬಾಯಿಗೆ ಸಿಕ್ಕಿ ರೆಕ್ಕೆ ಮುರಿಯುತ್ತದೆ. ಹುಡುಗರನ್ನು ಕೆಟ್ಟವರು ಅನ್ನಲಾರೆ. ಒಂದು ಶೆಡ್ಡು ಮುಗಿಸಿ ಅದೇ ರಾತ್ರಿ ಇನ್ನೊಂದಕ್ಕೆ ಹೋಗಬೇಕು, ಕೂಲಿ ಇರುವುದೂ ಎತ್ತಿದ ಲೆಕ್ಕಕ್ಕೆ. "ಏ ತಮ್ಮಾ, ಎರಡೂ ಕಾಲು ಕೂಡಿಸಿ ಹಿಡೀರೋ" ಎಂದು ಅಣ್ಣ ಮೊದಮೊದಲು ಕೂಗುತ್ತಿದ್ದ. ತೂಕ ಆದ ಮೇಲೆ ಅವನೂ ಸುಮ್ಮನಾದ. ಕ್ರೇಟು ತಕ್ಕಡಿ ದಾಟಿದರೆ ಕೋಳಿ ಕಂಪನಿಯಿಂದ ಕೊಂಡ ವ್ಯಾಪಾರಿಯದು. ಸತ್ತರೂ ಅವನದೇ. ಈ ಮಾತು ನನಗೆ ಪೂರ್ತಿ ತಿಳಿದದ್ದು ಹುಬ್ಬಳ್ಳಿಯಲ್ಲಿ.

ಗಾಡಿ ಹೈವೇ ಹತ್ತಿತು. ಬಂಕಾಪುರದ ಹತ್ತಿರ ನವಿಲುಧಾಮದ ಬೋರ್ಡು ದಾಟಿದಾಗ ನಗು ಬಂತು. ನವಿಲನ್ನು ಮುಟ್ಟಿದರೆ 1972ರ ವನ್ಯಜೀವಿ ಕಾಯ್ದೆಯಡಿ ಜೈಲು. ಕೋಳಿಯನ್ನು ಹಿಂಸೆಯಾಗುವಂತೆ ಸಾಗಿಸಿದರೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ. ಈಗ ಅಷ್ಟಕ್ಕೆ ಒಂದು ಪ್ಲೇಟ್ ಗಿರಮಿಟ್ಟು ಮಿರ್ಚಿ ಬರುತ್ತದೆ.

ಶಿಗ್ಗಾವಿ ಸಮೀಪ ಟೈರು ಪಂಕ್ಚರ್. ಸ್ಟೆಪ್ನಿಯಲ್ಲೂ ಗಾಳಿ ಇಲ್ಲ. ಪಂಕ್ಚರ್ ಅಂಗಡಿಯವನು ಬರುವ ಹೊತ್ತಿಗೆ ಬೆಳಕು ಹರಿದು ಬಿಸಿಲು ಏರಿತ್ತು. ಕೋಳಿಗೆ ಬೆವರುವುದಕ್ಕೆ ಆಗುವುದಿಲ್ಲ, ಬಾಯಿ ತೆರೆದು ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳಬೇಕು. ಗಾಡಿ ಓಡುವಾಗ ಗಾಳಿಯಾಡುತ್ತದೆ, ನಿಂತರೆ ನಡುವಿನ ಕ್ರೇಟುಗಳು ಬೇಯುತ್ತವೆ. ಮೇಲಿನ ಕ್ರೇಟಿನ ಹಿಕ್ಕೆ ಕೆಳಗಿನವುಗಳ ಮೈಮೇಲೆ. ಆ ಹಿಕ್ಕೆಯಲ್ಲೇ ಸಾಲ್ಮೊನೆಲ್ಲಾದಂಥ, ತಿಂದವರ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇರುವುದು. ಒಂದು ಕೋಳಿಯಲ್ಲಿದ್ದದ್ದು ಇಡೀ ಗಾಡಿಗೆ ಹಬ್ಬಲು ಬೇರೇನೂ ಬೇಕಿಲ್ಲ. ಡ್ರೈವರ್ ಪಕ್ಕದ ಧಾಬಾದಿಂದ ಕೊಡ ತಂದು ನೀರು ಎರಚಿದ. ಹೊರಗಿನ ಸಾಲಿಗಷ್ಟೇ ತಾಗಿತು.

ಹುಬ್ಬಳ್ಳಿಯ ಅಂಗಡಿಯ ಮುಂದೆ ಇಳಿಸುವಾಗ ಸತ್ತವನ್ನು ಒಂದು ಮೂಲೆಗೆ ಎಸೆಯುತ್ತ ಹೋದರು. ಸಣ್ಣ ಗುಡ್ಡೆಯೇ ಆಯಿತು. ಆಗಲೇ ಸ್ಕೂಟಿಯಲ್ಲಿ ಒಬ್ಬ ಬಂದ. ಚೀಲ ಬಿಚ್ಚಿ ಲೆಕ್ಕ ಹಾಕಿ ತುಂಬಿಕೊಂಡ, ಡ್ರೈವರ್ ಕೈಗೆ ನೋಟು ಕೊಟ್ಟು ಹೋದ. ಚೌಕಾಸಿಯೂ ಇಲ್ಲ. ರೇಟು ಮೊದಲೇ ಗೊತ್ತಿದೆ ಅಂತಾಯಿತು.

"ಇವು ಎಲ್ಲಿಗೆ ಹೋಗ್ತಾವ್ರಿ?"

"ಮೀನು ಸಾಕೋರು ಒಯ್ತಾರ್ರಿ ಸರ" ಅಂದ ಡ್ರೈವರ್. ಆಮೇಲೆ ತಾನೇ ನಕ್ಕು, "ಒಂದಿಷ್ಟು ಎಲ್ಲೆಲ್ಲೋ ಹೋಗ್ತಾವು. ಮಸಾಲಿ ಬಿದ್ದ ಮ್ಯಾಲ ಯಾರಿಗೆ ತಿಳೀತೈತಿ?"

ತಾನಾಗಿ ಸತ್ತ ಪ್ರಾಣಿಯ, ಕೋಳಿಯ ಮಾಂಸ ಮಾರುವುದನ್ನು ಆಹಾರ ಸುರಕ್ಷತೆಯ 2011ರ ನಿಯಮ ಸ್ಪಷ್ಟವಾಗಿ ನಿಷೇಧಿಸಿದೆ. ಸತ್ತ ಕೋಳಿಯ ರಕ್ತ ಮೈಯಲ್ಲೇ ಉಳಿಯುತ್ತದೆ, ಕರುಳಿನ ಬ್ಯಾಕ್ಟೀರಿಯಾ ಮಾಂಸಕ್ಕೆ ಇಳಿಯುತ್ತದೆ. ಚೆನ್ನಾಗಿ ಬೇಯಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ ನಿಜ. ಆದರೆ ಕೆಲವು ಬ್ಯಾಕ್ಟೀರಿಯಾ ಬಿಟ್ಟ ವಿಷ ಕುದಿಸಿದರೂ ಹೋಗುವುದಿಲ್ಲ. ಹಸಿ ಇರುವಾಗಲಾದರೆ ಗುರುತು ಹಿಡಿಯಬಹುದು. ಚರ್ಮ ಕೆಂಪು ನೀಲಿ ಆಗಿರುತ್ತದೆ, ರೆಕ್ಕೆಯ ನರಗಳಲ್ಲಿ ರಕ್ತ ಕಪ್ಪಗೆ ಕಟ್ಟಿರುತ್ತದೆ. ಕಬಾಬಿನ ಕೆಂಪು ಬಣ್ಣದ ಕೆಳಗೆ ಇದನ್ನೆಲ್ಲ ಯಾರು ನೋಡುತ್ತಾರೆ?

ಬದುಕಿದ್ದವುಗಳ ಕಥೆಯೂ ಅಷ್ಟಕ್ಕಷ್ಟೇ. ಕತ್ತು ಕೊಯ್ದು ನೀಲಿ ಡ್ರಮ್ಮಿಗೆ ಒಗೆಯುತ್ತಿದ್ದರು. ಒಳಗೆ ಒಂದರ ಮೇಲೊಂದು ಬಿದ್ದು, ರಕ್ತದಲ್ಲಿ ಹಿಕ್ಕೆಯಲ್ಲಿ ಹೊರಳಿ ಒದ್ದಾಡುತ್ತವೆ. ಅದೇ ಕೊರಡು, ಅದೇ ಚಾಕು, ಬೆಳಗಿನಿಂದ ಅದೇ ಬಕೆಟ್ ನೀರು. ಪಂಜರದ ಕೋಳಿಗಳು ಮಾರು ದೂರದಲ್ಲೇ ಕೂತಿರುತ್ತವೆ. ಒಂದು ಪ್ರಾಣಿಯ ಕಣ್ಣೆದುರು ಇನ್ನೊಂದನ್ನು ಕೊಯ್ಯಬಾರದು ಎನ್ನುತ್ತದೆ ಕಸಾಯಿಖಾನೆಯ 2001ರ ನಿಯಮ. ಪಶುವೈದ್ಯರು ತಾಸಿಗೆ 12ಕ್ಕಿಂತ ಜಾಸ್ತಿ ಪ್ರಾಣಿಗಳನ್ನು ಪರೀಕ್ಷೆ ಮಾಡಬಾರದು ಎಂದೂ ಅದರಲ್ಲಿದೆ, ಗಡಿಬಿಡಿ ಆಗಬಾರದು ಅಂತ. ಈ ಅಂಗಡಿಯಲ್ಲಿ ನನಗೆ ಕಂಡದ್ದು ಗಡಿಬಿಡಿಯೊಂದೇ.

ನಾನು ಕೋಳಿ ತಿನ್ನುವವನೇ, ಬಿಟ್ಟಿಲ್ಲ. ಮಾಂಸ ತಿನ್ನುವವರಿಗೆ ದಯೆಯ ಮಾತು ಯಾಕೆ ಎಂದು ನಮ್ಮ ಕಡೆ ಕೇಳುವವರಿದ್ದಾರೆ. ದಯೆ ಬೇಡ, ಹೊಟ್ಟೆಯ ಲೆಕ್ಕವನ್ನೇ ಹಾಕಿ ನೋಡಿ. ಆ ರಾತ್ರಿ ಕೋಳಿಗೆ ನೋವು ಕೊಟ್ಟ ಒಂದೊಂದು ಕೆಲಸವೂ ಮಾಂಸವನ್ನೂ ಕೆಡಿಸಿತ್ತು. ಈಗ ನಾನು ಕೋಳಿ ತರುವ ಅಂಗಡಿಯಲ್ಲಿ ಸ್ಟೀಲಿನ ಕೋನ್ ಇದೆ. ಕೋಳಿಯನ್ನು ತಲೆಕೆಳಗಾಗಿ ಅದರಲ್ಲಿ ಇಳಿಸಿ ಕೊಯ್ಯುತ್ತಾರೆ. "ರಕ್ತ ಪೂರ್ತಿ ಇಳೀತೈತ್ರಿ, ರೆಕ್ಕಿ ಬಡಕೊಳ್ಳೂದಿಲ್ಲ, ನಮಗೂ ತೊಳಿಯೂ ಕೆಲಸ ಕಡಿಮಿ" ಅನ್ನುತ್ತಾನೆ ಅಂಗಡಿಯವನು. ಕೆಜಿಗೆ ಸ್ವಲ್ಪ ಜಾಸ್ತಿ ತೆಗೆದುಕೊಳ್ಳುತ್ತಾನೆ, ಮನೆಯಲ್ಲಿ ಅದಕ್ಕೊಂದು ಗೊಣಗಾಟ ಇದ್ದೇ ಇದೆ.

ಅಣ್ಣನಿಗೆ ಫೋನ್ ಮಾಡಿ ಚೀಲದ ವಿಷಯ ಹೇಳಿದೆ. ಅವನಿಗೆ ಹೊಸತೇನಲ್ಲ. "ಶೆಡ್ಡಿನಾಗ ಸತ್ತರ ನಾವು ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚತೀವಿ. ಗಾಡಿಯಾಗ ಸತ್ತದ್ದು ವ್ಯಾಪಾರಿಗೆ ಲುಕ್ಸಾನ, ಅಂವ ಯಾಕ ಮುಚ್ಚತಾನ?" ಅಂದ. ಆದರೂ ಮುಂದಿನ ಬ್ಯಾಚಿಗೆ ಒಂದು ಮಾತು ಕೇಳಿ ನೋಡಿದನಂತೆ, ಬಿಸಿಲಿನ ದಿನಗಳಲ್ಲಿ ಕ್ರೇಟಿಗೆ ಎರಡು ಕೋಳಿ ಕಡಿಮೆ ಹಾಕಿರಿ ಎಂದು. ಹಾಗಾದರೆ ಗಾಡಿ ಎರಡು ಸಲ ಓಡಬೇಕು, ಡೀಸೆಲ್ ದುಡ್ಡು ಯಾರು ಕೊಡುತ್ತಾರೆ ಎಂದನಂತೆ ವ್ಯಾಪಾರಿ. ಬೇಕಾದರೆ ಮಳೆಗಾಲದಲ್ಲಿ ಕೂತು ಮಾತಾಡೋಣ ಎಂದೂ ಹೇಳಿದನಂತೆ.