ಬೇಸ್ ಸೆಟ್ ಸಂಗ್ರಹ: ಆಮೆಯ ವಂಶ ಪೂರ್ತಿಯಾಯಿತು

ಪೋಕೆಮಾನ್ ಕಾರ್ಡಾಟದ ಬೇಸ್ ಸೆಟ್ಟಿನ ಬ್ಲಾಸ್ಟಾಯ್ಸ್ ಕಾರ್ಡು ಕಡೆಗೂ ಕೈಸೇರಿತು. ಒಂದೇ ಆಮೆ ಪೋಕೆಮಾನ್ ಬೆಳೆಯುವ ಹಂತಗಳಾದ ಸ್ಕ್ವರ್ಟಲ್, ವಾರ್ಟಾರ್ಟಲ್, ಬ್ಲಾಸ್ಟಾಯ್ಸ್ ಮೂರೂ ಈಗ ಆಲ್ಬಮ್ಮಿನ ಒಂದೇ ಪುಟದಲ್ಲಿವೆ. 1999ರಲ್ಲಿ ಇಂಗ್ಲಿಷಿನಲ್ಲಿ ಬಂದ ಈ ಮೊದಲ ಪೋಕೆಮಾನ್ ಸೆಟ್ಟಿನಲ್ಲಿ ಇರುವುದು 102 ಕಾರ್ಡುಗಳು. ಅವುಗಳಲ್ಲಿ ಮೊದಲ 16 ಹೋಲೋ, ಅಂದರೆ ಚಿತ್ರದ ಭಾಗ ಮಿರುಗುವ ಕಾರ್ಡುಗಳು. ಸಾಧಾರಣ ಕಾರ್ಡುಗಳು, ಪೋಕೆಮಾನ್‌ಗಳ ಹೊಡೆತಕ್ಕೆ ಬಲ ಕೊಡುವ ಎನರ್ಜಿ ಕಾರ್ಡುಗಳು ಮುಗಿದಿವೆ. ಆಟಗಾರನಿಗೆ ನೆರವಾಗುವ ಟ್ರೇನರ್ ಕಾರ್ಡುಗಳಲ್ಲಿ ಕಂಪ್ಯೂಟರ್ ಸರ್ಚ್ ಒಂದೇ ಬಾಕಿ. ಇನ್ನೇನಿದ್ದರೂ ಹೋಲೋಗಳ ಹುಡುಕಾಟ.

ಈ ಸೆಟ್ ಎಂದರೆ ಎಲ್ಲರೂ ಮೊದಲು ಕೇಳುವುದು ಬೆಂಕಿಯ ಪೋಕೆಮಾನ್ ಚಾರಿಜಾರ್ಡ್. ಮಿತ್ಸುಹಿರೊ ಅರಿತಾ ಬರೆದ ಆ ಚಿತ್ರ ನನಗೂ ಇಷ್ಟ. ಆದರೆ ನಾನು ಕಾರ್ಡುಗಳನ್ನು ಕೂಡಿಸುವುದು ಆಡುವುದಕ್ಕೆ, ಆಟದಲ್ಲಿ ಬ್ಲಾಸ್ಟಾಯ್ಸ್‌ನ ತೂಕವೇ ಬೇರೆ. ಒಂದು ಸರದಿಗೆ ಒಂದೇ ಎನರ್ಜಿ ಕಾರ್ಡು ಜೋಡಿಸಬೇಕೆಂಬುದು ನಿಯಮ. ಬ್ಲಾಸ್ಟಾಯ್ಸ್‌ನ ‘ರೈನ್ ಡಾನ್ಸ್’ ಶಕ್ತಿ ಆ ಕಟ್ಟನ್ನೇ ಬಿಚ್ಚುತ್ತದೆ: ಕೈಯಲ್ಲಿರುವ ನೀರಿನ ಎನರ್ಜಿಯನ್ನೆಲ್ಲ ನಮ್ಮ ನೀರಿನ ಪೋಕೆಮಾನ್‌ಗಳಿಗೆ ಒಂದೇ ಸರದಿಯಲ್ಲಿ ಸುರಿಯಬಹುದು. ಜೊತೆಗೆ ಪ್ರೊಫೆಸರ್ ಓಕ್ ಕಾರ್ಡು ಇಳಿಸಿದರೆ ಕೈಯಲ್ಲಿ ಉಳಿದದ್ದನ್ನು ಬಿಟ್ಟು ಹೊಸದಾಗಿ ಏಳು ಕಾರ್ಡುಗಳು ಸಿಗುತ್ತವೆ, ಮಳೆ ಮತ್ತೆ ಶುರು. ಚಾರಿಜಾರ್ಡ್‌ನ ‘ಫೈರ್ ಸ್ಪಿನ್’ 100ರ ಹೊಡೆತ ಕೊಡುತ್ತದೆ, ನಿಜ. ಪ್ರತಿ ಹೊಡೆತಕ್ಕೂ ಎರಡು ಎನರ್ಜಿ ಕಾರ್ಡುಗಳನ್ನು ಕಳೆದುಕೊಂಡು ಮತ್ತೆ ಒಂದೊಂದಾಗಿ ಕೂಡಿಸುತ್ತ ಕೂರಬೇಕು.

ಕಾರ್ಡು ಬಂದ ಕೂಡಲೇ ಭೂತಗನ್ನಡಿ ಹಿಡಿದು ನೋಡಿದೆ. ಅಂಚಿನಲ್ಲಿ ಎರಡು ಕಾಗದದ ಪದರಗಳ ನಡುವೆ ಕೂದಲೆಳೆಯಷ್ಟು ಕಪ್ಪು ಗೆರೆ ಕಾಣಿಸಿತು; ಅಗ್ಗದ ನಕಲುಗಳಲ್ಲಿ ಇದು ಸಾಮಾನ್ಯವಾಗಿ ಇರುವುದಿಲ್ಲ. ಹಿಂಬದಿಯ ಎಡ ಮೂಲೆಯಲ್ಲಿ ಬಿಳಿ ಸವೆತ ಇದೆ, ಮುಂಬದಿಯ ಹೋಲೋ ಮಾತ್ರ ಗೀರಿಲ್ಲದೆ ಉಳಿದಿದೆ. ನನಗೆ ಅಷ್ಟು ಸಾಕು.

ಮಲೆನಾಡಿನ ಮಳೆಗಾಲ ಹೋಲೋಗಳಿಗೆ ಒಗ್ಗುವುದಿಲ್ಲ. ಕಾಗದ ತೇವ ಹೀರಿ ಹಿಗ್ಗುತ್ತದೆ, ಮೇಲಿನ ಹೊಳಪಿನ ಹಾಳೆ ಹಿಗ್ಗುವುದಿಲ್ಲ. ಕಾರ್ಡು ಬಿಲ್ಲಿನಂತೆ ಬಾಗುತ್ತದೆ. ಆಲ್ಬಮ್ ಈಗ ಗಾಳಿಯಾಡದ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇದೆ.

ಮುಂದೆ ಹುಡುಕುವುದು ವೀನಸಾರ್, ಸಂಖ್ಯೆ 15. ಹುಲ್ಲಿನ ಎನರ್ಜಿಯನ್ನು ಒಂದು ಪೋಕೆಮಾನ್‌ನಿಂದ ಇನ್ನೊಂದಕ್ಕೆ ಬೇಕಾದಷ್ಟು ಸಲ ದಾಟಿಸುವ ‘ಎನರ್ಜಿ ಟ್ರಾನ್ಸ್’ ಅದರದು. ಅದರ ಹಿಂದಿನ ಹಂತಗಳಾದ ಬಲ್ಬಸಾರ್, ಐವಿಸಾರ್ ಆಗಲೇ ನನ್ನ ಬಳಿ ಇವೆ. ಅದೂ ಬಂದ ಮೇಲೆ ಚಾರಿಜಾರ್ಡ್‌ಗೆ ಹಣ ಕೂಡಿಡಲು ತೊಡಗುತ್ತೇನೆ.