ಟಿವಿ ಗೋಡೆಗೆ ಬೀಟೆ ಬಣ್ಣ

ಮೂರು ವರ್ಷದ ಹಿಂದೆ ಚಿಕ್ಕಮಗಳೂರಿನ ನಮ್ಮ ಮನೆಯಲ್ಲಿ ಟಿವಿ ಹಿಂದೆ ಮರದ ಪಟ್ಟಿಯ ಪ್ಯಾನೆಲ್ ಹಾಕಿಸಿದ್ದೆವು. ತಿಳಿ ಬಣ್ಣ. ಈಗ ನೋಡಿದರೆ ಲಾಡ್ಜ್ ರಿಸೆಪ್ಷನ್ ತರ ಅನಿಸುತ್ತದೆ. ನನಗೆ ಅಜ್ಜಿ ಮನೆಯ ಬೀಟೆ ಬಾಗಿಲಿನ ಬಣ್ಣ ಬೇಕಿತ್ತು. ಕಿತ್ತು ಹೊಸದು ಹಾಕಿಸಿ ಅಂದರು ಅಂಗಡಿಯವರು. ಅವರು ಇನ್ನೇನು ಹೇಳುತ್ತಾರೆ, ಅಲ್ವಾ?

ಕಾಣದ ಮೂಲೆಯಲ್ಲಿ ಸ್ವಲ್ಪ ಉಜ್ಜಿ ಒಂದು ಹನಿ ನೀರು ಬಿಟ್ಟೆ. ಹೀರಿಕೊಂಡಿತು. ಅಂದರೆ ಮೇಲಿರುವುದು ನಿಜವಾದ ಮರದ ವೆನೀರ್ (ತೆಳು ಮರದ ಹಾಳೆ), ಸ್ಟೇನ್ ಅಂದರೆ ಮರದೊಳಗೆ ಇಳಿಯುವ ಬಣ್ಣ ಹಿಡಿಯುತ್ತದೆ. ಪ್ಲಾಸ್ಟಿಕ್‌ನಂಥ ಲ್ಯಾಮಿನೇಟ್ ಹಾಳೆ ಆಗಿದ್ದರೆ ಸ್ಟೇನ್ ಹಿಡಿಯಲ್ಲ, ಪ್ರೈಮರ್ ಹೊಡೆದು ಪೇಂಟ್ ಮಾಡಬೇಕು. ಈ ವೆನೀರ್ ತೀರಾ ತೆಳು, ಜಾಸ್ತಿ ಉಜ್ಜಿದರೆ ಒಳಗಿನ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಕಾಣುತ್ತದೆ, ಅದಕ್ಕೇ ಮೆಷಿನ್ ಬೇಡ ಅಂತ 240 ನಂಬರ್ ಸ್ಯಾಂಡ್ ಪೇಪರ್ ಹಿಡಿದು ಮರದ ಎಳೆಯ ದಿಕ್ಕಿಗೇ ಕೈಯಲ್ಲಿ ಮೆತ್ತಗೆ ಉಜ್ಜಿದೆ.

ಜೀವ ತಿಂದಿದ್ದು ಪಟ್ಟಿಗಳ ನಡುವಿನ ಕಪ್ಪು ಫೆಲ್ಟ್, ಅಂದರೆ ಕಂಬಳಿಯಂಥ ಬಟ್ಟೆ. ದೂಳೆಲ್ಲ ಅದರಲ್ಲೇ ಕೂರುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಇನ್ನೂ ಅಂಟಿಕೊಳ್ಳುತ್ತದೆ, ಕೊನೆಗೆ ಪಕ್ಕದ ಮನೆಯಿಂದ ವ್ಯಾಕ್ಯೂಮ್ ತಂದೆ. ಬ್ರಷ್‌ನಲ್ಲಿ ಹಚ್ಚಿದಾಗ ಸ್ಟೇನ್ ಸೋರಿ ಫೆಲ್ಟ್ ಮೇಲೆ ಕಲೆಯಾಯಿತು. ಆಮೇಲೆ ಹಳೇ ಬನಿಯನ್ ತುಂಡಿನಲ್ಲೇ ಹಚ್ಚಿದ್ದು.

ಜುಲೈನಲ್ಲಿ ಶುರು ಮಾಡಿದ್ದು ಮಾತ್ರ ದಡ್ಡತನ. ನಮ್ಮ ಮಳೆಗೆ ಬಟ್ಟೆಯೇ ಒಣಗಲ್ಲ, ಪಾಲಿಷ್ ಒಣಗುತ್ತಾ? ಮೂರು ದಿನ ಅಂಟಂಟಾಗಿತ್ತು. ಉಳಿದರ್ಧ ಡಿಸೆಂಬರ್ ಬಿಸಿಲಿಗೆ ಮುಗಿಸಿದೆ. ಅಲ್ಲಿಯವರೆಗೆ ಗೋಡೆ ಎರಡು ಬಣ್ಣದಲ್ಲೇ ಇತ್ತು, ಬಂದವರಿಗೆಲ್ಲ ಡಿಸೈನ್ ಅಂತ ಸುಮ್ನೆ ಹೇಳಿದೆ.