ಯಾರ ಗಂಟು, ಯಾರ ಚಿಂತೆ

ಋತುವಿನ ಕೊನೆಯ ಹಣಾಹಣಿಯಾದ ವರ್ಲ್ಡ್ ಸೀರೀಸ್ ಮುಗಿದ ಮೇಲೆ ಅಮೆರಿಕದ ಬೇಸ್‌ಬಾಲ್ ಆಟಗಾರರಿಗೆ ಮೂರೂವರೆ ತಿಂಗಳು ರಜೆ. ಅಭಿಮಾನಿಗಳ ಬಾಯಿಗೆ ಮಾತ್ರ ಅದೇ ಸುಗ್ಗಿ. ಯಾರನ್ನು ಕೊಳ್ಳಬೇಕು, ಯಾರನ್ನು ಬಿಡಬೇಕು, ಯಾರಿಗೆ ಎಷ್ಟು ವರ್ಷದ ಒಪ್ಪಂದ ಕೊಡಬೇಕು ಎಂಬುದೆಲ್ಲ ತೀರ್ಮಾನವಾಗುವುದು ಈ ಚಳಿಗಾಲದಲ್ಲಿಯೇ. ಕ್ಯಾಲಿಫೋರ್ನಿಯದ ಫ್ರೀಮಾಂಟಿನ ಎಲಿಜಬೆತ್ ಕೆರೆಯ ಸುತ್ತ ಶನಿವಾರ ಬೆಳಿಗ್ಗೆ ನಡೆಯುವ ನಮ್ಮ ಸಣ್ಣ ಗುಂಪು ಡಿಸೆಂಬರಿನಲ್ಲಿ ನಡೆಯುವುದಕ್ಕಿಂತ ನಿಲ್ಲುವುದೇ ಹೆಚ್ಚು, ಏಕೆಂದರೆ ನಮ್ಮ ರಾಯರು ವಾದ ಮಾಡುವಾಗ ಕಾಲು ಎತ್ತಿಡುವುದಿಲ್ಲ. ಮೈಸೂರಿನಿಂದ ಬಂದು ಮೂವತ್ತು ವರ್ಷ ಕಳೆದರೂ ಮಂಕಿ ಕ್ಯಾಪ್ ಬಿಡದ ಅವರು, ಇಲ್ಲಿಗೆ ಬಂದ ಎರಡನೆಯ ವರ್ಷದಿಂದಲೇ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ತಂಡಕ್ಕೆ ನಿಷ್ಠರು. ನಾನು ಹೊಟ್ಟೆಪಾಡಿಗೆ ಲೆಕ್ಕಪರಿಶೋಧನೆ ಮಾಡುವವನಾದ್ದರಿಂದ, ಈ ಆಟವನ್ನು ಮೊದಲು ಪ್ರೀತಿಸಿದ್ದು ಅದರ ಅಂಕಿಅಂಶಗಳ ಮೂಲಕ ಎಂದು ಒಪ್ಪಿಕೊಳ್ಳುವುದರಲ್ಲಿ ನನಗೆ ಸಂಕೋಚವಿಲ್ಲ.

2025ರ ಚಳಿಗಾಲದ ನಮ್ಮ ಜಗಳ ಲೂಯಿಸ್ ಅರಾಯೆಸ್ ಎಂಬ ಆಟಗಾರನ ಬಗ್ಗೆ. 2022, 2023 ಮತ್ತು 2024ರಲ್ಲಿ, ಮೂರು ಬೇರೆ ಬೇರೆ ತಂಡಗಳಿಗೆ ಆಡುತ್ತ, ಸತತವಾಗಿ ಬ್ಯಾಟಿಂಗ್ ಸರಾಸರಿಯ, ಅಂದರೆ ಎಷ್ಟು ಸಲಕ್ಕೆ ಎಷ್ಟು ಸಲ ಹೊಡೆದು ಬೇಸ್ ಸೇರಿದ ಎಂಬ ಪಾಲಿನ, ಕಿರೀಟ ಗೆದ್ದವನು ಈತ. 2025ರ ಇಡೀ ಋತುವಿನಲ್ಲಿ ಅವನು ಸ್ಟ್ರೈಕ್‌ಔಟ್ ಆದದ್ದು, ಅಂದರೆ ಚೆಂಡನ್ನು ಆಡಲಾಗದೆ ಮೂರು ಸ್ಟ್ರೈಕಿಗೆ ಔಟಾದದ್ದು, ಕೇವಲ 21 ಸಲ; ಈ ಕಾಲದ ಅನೇಕ ಬ್ಯಾಟರ್‌ಗಳು ಒಂದು ತಿಂಗಳಿನಲ್ಲಿಯೇ ಅಷ್ಟು ಸಲ ಔಟಾಗುತ್ತಾರೆ. ಋತು ಮುಗಿದೊಡನೆ ಅವನ ಹಳೆಯ ಒಪ್ಪಂದವೂ ಮುಗಿದು ಆತ ಯಾವ ತಂಡವನ್ನಾದರೂ ಸೇರಬಹುದಾದ ಫ್ರೀ ಏಜೆಂಟ್ ಆದ. ಚೆಂಡಿಗೆ ಬ್ಯಾಟು ತಾಗಿಸುವ ವಿದ್ಯೆಯೇ ಮಾಯವಾಗಿರುವ ದಿನಗಳಲ್ಲಿ ಇಂಥವನನ್ನು ಬಿಡುವುದುಂಟೇ ಎಂಬುದು ರಾಯರ ವಾದ. ಅವನು ಹೊಡೆಯುವುದರಲ್ಲಿ ಬಹುಪಾಲು, ಒಂದು ರನ್ನಿಗೆ ದಾಟಬೇಕಾದ ನಾಲ್ಕು ಬೇಸುಗಳಲ್ಲಿ ಒಂದಕ್ಕೇ ಸಾಲುವ ಹೊಡೆತಗಳು, ಕೆಟ್ಟ ಚೆಂಡುಗಳನ್ನು ಬಿಟ್ಟು ಪುಕ್ಕಟೆ ಬೇಸ್ ಗಿಟ್ಟಿಸುವ 'ವಾಕ್' ಪಡೆಯುವ ತಾಳ್ಮೆಯಿಲ್ಲ, ಓಟ ಸಾಧಾರಣ, ಫೀಲ್ಡಿಂಗ್ ಅದಕ್ಕಿಂತ ಸಾಧಾರಣ, ಆದ್ದರಿಂದ 0.292 ಎಂಬ ಸರಾಸರಿಯ ಹೊಳಪಿಗೆ ಮರುಳಾಗಬಾರದು ಎಂಬುದು ನನ್ನ ವಾದ.

ನನ್ನ ವಾದಕ್ಕೆ ಆಧಾರ 'ವಾರ್' ಎಂದು ಕರೆಯುವ ಒಂದು ಅಂಕಿ. ಒಬ್ಬ ಆಟಗಾರ ಗಾಯಗೊಂಡು ಮನೆಗೆ ಹೋದರೆ, ಕೆಳಗಿನ ಲೀಗಿನಿಂದ ಕನಿಷ್ಠ ಸಂಬಳಕ್ಕೆ ಯಾರನ್ನು ಬೇಕಾದರೂ ಕರೆಸಿಕೊಳ್ಳಬಹುದಷ್ಟೆ. ಅಂಥ ಬದಲಿ ಆಟಗಾರನಿಗಿಂತ ಇವನಿಂದ ತಂಡಕ್ಕೆ ಎಷ್ಟು ಗೆಲುವು ಹೆಚ್ಚಾಗಿ ದಕ್ಕಿತು ಎಂಬುದೇ ಈ ಲೆಕ್ಕ. ಬ್ಯಾಟಿಂಗ್, ಬೇಸ್ ಓಟ, ಫೀಲ್ಡಿಂಗ್, ನಿಲ್ಲುವ ಸ್ಥಾನದ ಕಷ್ಟ, ಮೈದಾನದ ಗುಣ ಎಲ್ಲವನ್ನೂ ರನ್ನುಗಳಿಗೆ ಪರಿವರ್ತಿಸಿ, ಸುಮಾರು ಹತ್ತು ರನ್ನಿಗೆ ಒಂದು ಗೆಲುವು ಎಂದು ಹಿಡಿಯುತ್ತಾರೆ. ಬರೀ ಬದಲಿ ಆಟಗಾರರಿಂದಲೇ ಕಟ್ಟಿದ ತಂಡ 162 ಪಂದ್ಯಗಳಲ್ಲಿ 48ರಷ್ಟು ಗೆದ್ದೀತು ಎಂಬುದು ಅಡಿಪಾಯದ ಅಂದಾಜು. ಫ್ರೀ ಏಜೆಂಟ್‌ಗಳ ಮಾರುಕಟ್ಟೆಯಲ್ಲಿ ಇಂಥ ಒಂದು ಗೆಲುವಿನ ಬೆಲೆ 80ರಿಂದ 90 ಲಕ್ಷ ಡಾಲರ್ ಎಂದು ಲೆಕ್ಕ ಬಲ್ಲವರು ಹೇಳುತ್ತಾರೆ. ಈ ದರ ಕೈಗೆ ಸಿಕ್ಕಿದ ದಿನದಿಂದ ನನ್ನಂಥವರಿಗೆ ಪ್ರತಿಯೊಬ್ಬ ಆಟಗಾರನೂ ತೂಕ ಹಾಕಿ ನೋಡಬಹುದಾದ ಸರಕಾದ.

2022ರ ಡಿಸೆಂಬರಿನಲ್ಲಿ ಹೀಗೆ ತೂಕ ಹಾಕಿದ್ದು ಇನ್ನೂ ನೆನಪಿದೆ. ಆ ವರ್ಷ 62 ಹೋಮ್ ರನ್ ಹೊಡೆದಿದ್ದ ಆರನ್ ಜಡ್ಜ್ ನಮ್ಮ ಉತ್ತರ ಕ್ಯಾಲಿಫೋರ್ನಿಯದ ಲಿಂಡೆನ್ ಎಂಬ ಸಣ್ಣ ಊರಿನ ಹುಡುಗ, ಚಿಕ್ಕಂದಿನಲ್ಲಿ ಜೈಂಟ್ಸ್ ಅಭಿಮಾನಿ. ಅವನು ಇಲ್ಲಿಗೇ ಬರುತ್ತಾನೆ ಎಂಬ ಸುದ್ದಿ ಕೆಲವು ನಿಮಿಷ ಹಬ್ಬಿ, ಆರಿ, ಕೊನೆಗೆ ಆತ 36 ಕೋಟಿ ಡಾಲರಿಗೆ ಒಂಬತ್ತು ವರ್ಷ ಯಾಂಕೀಸ್ ತಂಡದಲ್ಲಿಯೇ ಉಳಿದ. ಆ ದುಃಖ ಹಸಿಯಾಗಿರುವಾಗಲೇ ಎರಡನೆಯ ಮತ್ತು ಮೂರನೆಯ ಬೇಸುಗಳ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ ಕಾರ್ಲೋಸ್ ಕೊರಿಯಾ ನಮ್ಮ ಜೈಂಟ್ಸ್ ಜೊತೆ 13 ವರ್ಷಕ್ಕೆ 35 ಕೋಟಿ ಡಾಲರಿನ ಒಪ್ಪಂದಕ್ಕೆ ಒಪ್ಪಿದ. ನಾನು ರಾತ್ರಿ ಎಕ್ಸೆಲ್ ತೆರೆದು ಕೂತೆ. ಅವನಿಗೆ ಆಗ 28 ವರ್ಷ. ಮೊದಲ ಮೂರು ವರ್ಷ ತಲಾ ಐದು ಗೆಲುವು, ಆಮೇಲೆ ವಯಸ್ಸಾದಂತೆ ವರ್ಷಕ್ಕೆ ಅರ್ಧರ್ಧ ಕಡಿಮೆ ಎಂದು ಹಿಡಿದರೆ, ನಲವತ್ತನೆಯ ವಯಸ್ಸಿಗೆ ಸೊನ್ನೆಗೆ ಬಂದು ಒಟ್ಟು ಮೂವತ್ತೇಳೂವರೆ ಗೆಲುವು. 85 ಲಕ್ಷದ ದರದಲ್ಲಿ ಅದು ಸುಮಾರು 32 ಕೋಟಿ. ವರ್ಷವರ್ಷವೂ ಏರುವ ದರವನ್ನು ಸೇರಿಸಿದರೆ 35 ದಾಟುತ್ತದೆ. ಆಡಿಟ್ ಕಡತಕ್ಕೆ ಸಹಿ ಹಾಕುವ ತೃಪ್ತಿಯಿಂದ ಅದನ್ನು ಗುಂಪಿನವರಿಗೆಲ್ಲ ಕಳುಹಿಸಿ ಮಲಗಿದೆ.

ಡಿಸೆಂಬರ್ 20ರಂದು ಅವನನ್ನು ಪತ್ರಕರ್ತರಿಗೆ ಪರಿಚಯಿಸಬೇಕಿತ್ತು. ಕುಟುಂಬದೊಡನೆ ಆತ ಊರಿಗೆ ಬಂದಾಗಿತ್ತು. ಸಮಾರಂಭಕ್ಕೆ ಕೆಲವೇ ಗಂಟೆಗಳಿರುವಾಗ ಅದು ಮುಂದಕ್ಕೆ ಹೋಯಿತು. ವೈದ್ಯಕೀಯ ತಪಾಸಣೆಯಲ್ಲಿ, 2014ರಲ್ಲಿ ಮುರಿದು ಶಸ್ತ್ರಚಿಕಿತ್ಸೆಯಾಗಿದ್ದ ಅವನ ಬಲಗಾಲಿನ ಮೂಳೆ ತಂಡದವರನ್ನು ಹೆದರಿಸಿತ್ತು. ರಾತ್ರಿ ಬೆಳಗಾಗುವುದರೊಳಗೆ ಆತ 12 ವರ್ಷಕ್ಕೆ 31.5 ಕೋಟಿಯೆಂದು ನ್ಯೂಯಾರ್ಕಿನ ಮೆಟ್ಸ್ ತಂಡದ ಪಾಲಾದ. ಅವರೂ ಅದೇ ಕಾಲನ್ನು ನೋಡಿ ಹಿಂಜರಿದರು. ಜನವರಿಯಲ್ಲಿ ಮಿನ್ನೆಸೋಟ ಟ್ವಿನ್ಸ್ ಆರು ವರ್ಷಕ್ಕೆ 20 ಕೋಟಿ ಕೊಟ್ಟು ಕರೆದುಕೊಂಡಿತು. ಒಂದು ಮೂಳೆಯ ಚಿತ್ರ ಹದಿನೈದು ಕೋಟಿ ಡಾಲರನ್ನು ನುಂಗಿತ್ತು. ಮುಂದಿನ ವರ್ಷ ಕೊರಿಯಾನ ಸರಾಸರಿ 0.230ಕ್ಕೆ ಇಳಿಯಿತು, ಕಾಲುನೋವೂ ಕಾಡಿತು, ಆದರೆ ಅದು ಹಿಮ್ಮಡಿಯ ನೋವೇ ಹೊರತು ತಪಾಸಣೆಯಲ್ಲಿ ಕಂಡ ಮೂಳೆಯದಲ್ಲ. ಭವಿಷ್ಯ ಹೇಳಿದವರು ಗೆದ್ದರೋ ಸೋತರೋ ಎಂಬುದನ್ನು ನಾನು ಇಂದಿಗೂ ತೀರ್ಮಾನಿಸಿಲ್ಲ.

ಆ ವಾರದ ಶನಿವಾರ ಗುಂಪಿನವರೆಲ್ಲರೂ ಹತಾಶರಾಗಿದ್ದಾಗ ನಾನು, "ಸದ್ಯ, 35 ಕೋಟಿ ಉಳಿಯಿತು" ಎಂದುಬಿಟ್ಟೆ. ರಾಯರು ಕೆರೆಯ ದಂಡೆಯಲ್ಲಿ ಗಕ್ಕನೆ ನಿಂತರು. "ಉಳೀತು ಅಂದ್ರೆ ಯಾರಿಗ್ ಉಳೀತು ಸ್ವಾಮಿ? ನಿಮ್ಮಪ್ಪನ ಗಂಟೇನಾದ್ರೂ ಹೋಗ್ತಿತ್ತಾ? ಟಿಕೆಟ್ ದುಡ್ಡು ನಿಮಗೆ ವಾಪಸ್ ಕೊಡ್ತಾರಾ?" ಎಂದು ಕೇಳಿದರು. ಉತ್ತರ ಹೊಳೆಯಲಿಲ್ಲ. ಮೂರು ವರ್ಷವಾದರೂ ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ, ಮತ್ತು ನನ್ನ ಲೆಕ್ಕದ ರೀತಿಯನ್ನೇ ಅದು ಮೆಲ್ಲಗೆ ಬದಲಿಸಿದೆ.

ನಾವು ಈ ಜಿಪುಣತನವನ್ನು ಕಲಿತದ್ದು ಎಲ್ಲಿ ಎಂದು ಯೋಚಿಸಿದರೆ, ನಮ್ಮವರ ಮಟ್ಟಿಗೆ ಉತ್ತರ ಐಪಿಎಲ್ ಹರಾಜಿನಲ್ಲಿದೆ. ಅಲ್ಲಿ ಪ್ರತಿ ತಂಡಕ್ಕೂ ಗಂಟು ಇಷ್ಟೇ ಎಂದು ಮೊದಲೇ ಕಟ್ಟಿಕೊಟ್ಟಿರುತ್ತಾರೆ. 2025ರ ಋತುವಿಗೆ 120 ಕೋಟಿ ರೂಪಾಯಿಯ ಗಂಟಿನಲ್ಲಿ ಆರ್‌ಸಿಬಿ ಕೊಹ್ಲಿಗೆ 21, ಪಾಟೀದಾರ್‌ಗೆ 11, ಯಶ್ ದಯಾಳ್‌ಗೆ 5 ಕೋಟಿ ಕೊಟ್ಟು ಉಳಿಸಿಕೊಂಡಾಗ ಮಿಕ್ಕದ್ದು 83 ಕೋಟಿ. ಒಬ್ಬನಿಗೆ ಹೆಚ್ಚು ಕೊಟ್ಟರೆ ಇನ್ನೊಬ್ಬ ಬೌಲರ್ ಕೈತಪ್ಪುವುದು ಖಚಿತ, ಆದ್ದರಿಂದ ಅಲ್ಲಿ ಅಭಿಮಾನಿ ಹಣದ ಚಿಂತೆ ಮಾಡುವುದರಲ್ಲಿ ಅರ್ಥವಿದೆ. ಬೇಸ್‌ಬಾಲಿನಲ್ಲಿ ಅಂಥ ಕಟ್ಟಿದ ಗಂಟಿಲ್ಲ. 2025ರಲ್ಲಿ ಸಂಬಳದ ಒಟ್ಟು ಮೊತ್ತ 24.1 ಕೋಟಿ ಡಾಲರ್ ದಾಟಿದರೆ ತಂಡ ದಂಡದ ರೂಪದ ತೆರಿಗೆ ಕಟ್ಟಬೇಕಿತ್ತು, ಮೊದಲ ಸಲ ದಾಟಿದವರಿಗೆ ಹೆಚ್ಚುವರಿ ಮೊತ್ತದ ಮೇಲೆ ಶೇ 20, ಅಷ್ಟೇ. ಲಾಸ್ ಏಂಜಲೀಸಿನ ಡಾಜರ್ಸ್ ಅದನ್ನು ನಗುನಗುತ್ತ ಕಟ್ಟಿ 2024ರಲ್ಲಿಯೂ 2025ರಲ್ಲಿಯೂ ವರ್ಲ್ಡ್ ಸೀರೀಸ್ ಗೆದ್ದಿತು. ನಾವಾದರೋ 2022ರಿಂದ 2025ರವರೆಗೆ ಕ್ರಮವಾಗಿ 81, 79, 80, 81 ಪಂದ್ಯ ಗೆದ್ದು, ಮಾಲೀಕರ ಪರವಾಗಿ ಉಳಿತಾಯದ ಲೆಕ್ಕ ಬರೆಯುತ್ತ ಕೂತಿದ್ದೇವೆ.

ಮಾಲೀಕರೂ ತಮ್ಮಷ್ಟಕ್ಕೆ ಒಂದು ಮಿತಿ ಹಾಕಿಕೊಂಡಿರುತ್ತಾರೆ, ಅದು ಮುಗಿದ ಮೇಲೆ ಮತ್ತೊಬ್ಬನನ್ನು ಕೊಳ್ಳುವುದಿಲ್ಲ ಎಂಬ ಮಾತು ಸುಳ್ಳಲ್ಲ. ಆದರೂ ಅಭಿಮಾನಿಯ ಬೊಕ್ಕಸದಲ್ಲಿ ನಿಜಕ್ಕೂ ಎಣಿಸಿಟ್ಟಿರುವುದು ಡಾಲರಲ್ಲ, ಔಟ್‌ಗಳು ಎಂದು ನನಗೆ ಈಗ ತೋರುತ್ತದೆ. ಒಂಬತ್ತು ಇನಿಂಗ್ಸಿಗೆ ಮೂರರಂತೆ ಪಂದ್ಯಕ್ಕೆ 27 ಔಟ್, ಋತುವಿಗೆ ಹೆಚ್ಚುಕಡಿಮೆ 4,374. ಯಾವ ಕೋಟ್ಯಧಿಪತಿಯೂ ಇದಕ್ಕೆ ಒಂದನ್ನೂ ಸೇರಿಸಲಾರ. ತಂಡದ ಪಟ್ಟಿಯಲ್ಲಿ 26 ಹೆಸರು, ಬ್ಯಾಟ್ ಹಿಡಿಯಲು 9 ಜನ, ಇವೂ ಹಾಗೆಯೇ.

ಆಲ್ಬರ್ಟ್ ಪುಹೋಲ್ಸ್‌ನ ಕಥೆಯನ್ನು ಈ ಕಣ್ಣಿನಿಂದ ಮತ್ತೆ ಓದಬೇಕು. ಸೇಂಟ್ ಲೂಯಿಸ್ ಕಾರ್ಡಿನಲ್ಸ್‌ಗೆ 11 ವರ್ಷ ಆಡಿ 0.328 ಸರಾಸರಿ, 445 ಹೋಮ್ ರನ್ ಗಳಿಸಿದ್ದ ಆ ದೈತ್ಯನನ್ನು ಏಂಜಲ್ಸ್ ತಂಡ 2011ರ ಡಿಸೆಂಬರಿನಲ್ಲಿ 10 ವರ್ಷಕ್ಕೆ 24 ಕೋಟಿ ಡಾಲರ್ ಕೊಟ್ಟು ತಂದಿತು. ಅಲ್ಲಿ ಅವನ ಸರಾಸರಿ 0.256. ಎಲ್ಲರೂ ಆ 24 ಕೋಟಿಯನ್ನೇ ಎತ್ತಿ ಆಡುತ್ತಾರೆ. ನನಗೆ ಹೆಚ್ಚು ಕಾಡುವುದು 2017: ಆ ವರ್ಷ ಅವನು 101 ರನ್ ಬ್ಯಾಟ್ ಮಾಡಿ ತಂದುಕೊಟ್ಟ ಎಂದು ಹಳೆಯ ಶೈಲಿಯ ಲೆಕ್ಕ ಬೆನ್ನು ತಟ್ಟಿದರೆ, ವಾರ್ ಲೆಕ್ಕ ಅವನನ್ನು ಸೊನ್ನೆಗಿಂತ ಕೆಳಗೆ ಇಳಿಸಿತ್ತು. ಅವನಿಗಿಂತ ಮೊದಲು ಬ್ಯಾಟ್ ಮಾಡುತ್ತಿದ್ದವರು, ಅದರಲ್ಲಿಯೂ ಆ ಪೀಳಿಗೆಯ ಅತ್ಯುತ್ತಮ ಆಟಗಾರ ಮೈಕ್ ಟ್ರೌಟ್, ಸದಾ ಬೇಸ್ ಮೇಲಿದ್ದುದರಿಂದ ಅಷ್ಟು ರನ್ ಬಂದವು. ಆದರೆ ಅದಕ್ಕೆ ಅವನು ಖರ್ಚು ಮಾಡಿದ ಔಟ್‌ಗಳು ಮಿತಿಮೀರಿದ್ದವು. ಕೊಟ್ಟ ಹಣ ಹೇಗೂ ಹೋಗಿತ್ತು. ಹಣ ಕೊಟ್ಟಿದ್ದೇವೆ ಎಂಬ ಒಂದೇ ಕಾರಣಕ್ಕೆ ವರ್ಷವರ್ಷವೂ ಅವನನ್ನು ಬ್ಯಾಟಿಗೆ ಕಳುಹಿಸಿದ್ದೇ ಅಪರಾಧ. ಮುಳುಗಿದ ಬಂಡವಾಳವನ್ನು ಲಾಭದಂತೆ ತೋರಿಸುವ ಕಂಪನಿಗಳನ್ನು ನಾನು ಕೆಲಸದಲ್ಲಿ ಕಂಡಿದ್ದೇನೆ. ಕೊನೆಗೆ ಒಂದು ದಿನ ಅದನ್ನು ಬರೆದುಹಾಕಲೇಬೇಕಾಗುತ್ತದೆ, ಏಂಜಲ್ಸ್ ಆ ಕೆಲಸ ಮಾಡಿದ್ದು 2021ರ ಮೇ ತಿಂಗಳಲ್ಲಿ. ಟ್ರೌಟ್ 2025ರವರೆಗೂ 2014ರ ಮೂರು ಪಂದ್ಯಗಳನ್ನು ಬಿಟ್ಟರೆ ಪ್ಲೇಆಫ್ ಕಂಡಿಲ್ಲ.

ಔಟ್‌ಗಳನ್ನು ಹೀಗೆ ಎಣಿಸತೊಡಗಿದ ಮೇಲೆ ಪ್ಯಾಟ್ರಿಕ್ ಬೇಲಿ ನನಗೆ ಅಚ್ಚುಮೆಚ್ಚಿನವನಾದ. ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವ ನಮ್ಮ ಈ ಕ್ಯಾಚರ್‌ನ 2025ರ ಬ್ಯಾಟಿಂಗ್ ಸರಾಸರಿ 0.222, ಅಂದರೆ ಹೇಳಿಕೊಳ್ಳುವಂಥದ್ದಲ್ಲ. ಅವನ ವಿದ್ಯೆ ಇರುವುದು ಎಡಗೈಯಲ್ಲಿ. ಪಿಚರ್ ಚೆಂಡು ಬಿಡುವಾಗ ಬೇಲಿಯ ಗ್ಲೌಸ್ ನೆಲದ ಹತ್ತಿರವಿರುತ್ತದೆ. ಮೊಣಕಾಲಿಗಿಂತ ಒಂದೆರಡು ಅಂಗುಲ ಕೆಳಗೆ ಬರುತ್ತಿರುವ ಚೆಂಡನ್ನು ಕೆಳಗಿನಿಂದ ಮೇಲಕ್ಕೆ ಸಾಗುವ ಒಂದೇ ಓಟದಲ್ಲಿ ಹಿಡಿದು, ಮೊದಲಿಂದಲೂ ಅಲ್ಲೇ ಇತ್ತೇನೋ ಎಂಬಂತೆ ಮೇಲೆ ನಿಲ್ಲಿಸುತ್ತಾನೆ. ಹಿಂದೆ ನಿಂತ ಅಂಪೈರ್, ಹೊಡೆಯಬಹುದಾದ ಎತ್ತರದಲ್ಲೇ ಬಂದ ಚೆಂಡೆಂದು ತಿಳಿದು, ಸ್ಟ್ರೈಕ್ ಎನ್ನುತ್ತಾನೆ; ಮೂರು ಸ್ಟ್ರೈಕಿಗೆ ಒಂದು ಔಟ್. ಎದುರಾಳಿಯ ಬೊಕ್ಕಸದಿಂದ ಹೀಗೆ ಸದ್ದಿಲ್ಲದೆ ಎತ್ತಿದ ಸ್ಟ್ರೈಕುಗಳು ಋತುವಿನ ಕೊನೆಗೆ ಕೆಲವು ಗೆಲುವಾಗುತ್ತವೆ. ವಿಚಿತ್ರವೆಂದರೆ ವಾರ್ ಲೆಕ್ಕ ಹಾಕುವ ಎರಡು ಪ್ರಸಿದ್ಧ ತಾಣಗಳಲ್ಲಿ ಫ್ಯಾನ್‌ಗ್ರಾಫ್ಸ್ ಈ ವಿದ್ಯೆಯನ್ನು ಸೇರಿಸಿಕೊಳ್ಳುತ್ತದೆ, ಬೇಸ್‌ಬಾಲ್ ರೆಫರೆನ್ಸ್ ಸೇರಿಸುವುದಿಲ್ಲ. ಹೀಗಾಗಿ ಒಂದೇ ಖಾತೆಯನ್ನು ನೋಡಿದ ಇಬ್ಬರು ಆಡಿಟರುಗಳಲ್ಲಿ ಒಬ್ಬ ಅವನನ್ನು ರತ್ನವೆನ್ನುತ್ತಾನೆ, ಇನ್ನೊಬ್ಬ ಸಾಧಾರಣ ಎನ್ನುತ್ತಾನೆ. ಅಂಕಿಯೆಂದರೆ ಅಭಿಪ್ರಾಯವಿಲ್ಲದ್ದು ಎಂದು ನಂಬಿದವರಿಗೆ ಇದೊಂದನ್ನು ತೋರಿಸಿದರೆ ಸಾಕು. ರಾಯರಿಗೆ ಮಾತ್ರ ಬೇಲಿಯ ಬೆಲೆ 2025ರ ಜುಲೈ 8ರಂದೇ ತೀರ್ಮಾನವಾಗಿದೆ: ಫಿಲಡೆಲ್ಫಿಯ ವಿರುದ್ಧ ಕೊನೆಯ ಇನಿಂಗ್ಸಿನಲ್ಲಿ ಅವನ ಹೊಡೆತ ಬಲಭಾಗದ ಇಟ್ಟಿಗೆ ಗೋಡೆಗೆ ಬಡಿದು ದಿಕ್ಕಾಪಾಲಾಗಿ ಪುಟಿಯಿತು, ಆತ ಚೆಂಡು ಮರಳುವಷ್ಟರಲ್ಲಿ ನಾಲ್ಕೂ ಬೇಸ್ ಓಡಿ ಪಂದ್ಯ ಗೆಲ್ಲಿಸಿದ. ಆ ಓಟವನ್ನು ಯಾವ ದರಕ್ಕೆ ಹಾಕುತ್ತೀರಿ ಎಂದು ಅವರು ಕೇಳಿದರೆ ನನ್ನ ಎಕ್ಸೆಲ್ಲಿನಲ್ಲಿ ಅದಕ್ಕೆ ಕಾಲಂ ಇಲ್ಲ.

ಈ ಬೆಲೆಯೂ ಈಗ ಅಲುಗಾಡುತ್ತಿದೆ. 2026ರ ಋತುವಿನಿಂದ ಚೆಂಡಿನ ದಾರಿಯನ್ನು ಯಂತ್ರವೇ ಅಳೆಯುವ ಚಾಲೆಂಜ್ ಪದ್ಧತಿ: ಅಂಪೈರ್ ತೀರ್ಪು ತಪ್ಪೆನಿಸಿದರೆ ಬ್ಯಾಟರ್, ಪಿಚರ್ ಅಥವಾ ಕ್ಯಾಚರ್ ತನ್ನ ತಲೆಯನ್ನು ತಟ್ಟಿಕೊಂಡು ಪ್ರಶ್ನಿಸಬಹುದು. ಒಂದು ತಂಡಕ್ಕೆ ಪಂದ್ಯಕ್ಕೆ ಎರಡು ಅವಕಾಶ, ಗೆದ್ದರೆ ಅವಕಾಶ ಉಳಿಯುತ್ತದೆ. ಬೇಲಿ ಕದ್ದ ಸ್ಟ್ರೈಕನ್ನು ಎದುರಾಳಿ ಇನ್ನು ಮುಂದೆ ಮರಳಿ ಕೇಳಬಹುದು. ಎರಡೇ ಅವಕಾಶಗಳಾದ್ದರಿಂದ ಬಹುಪಾಲು ಕಳ್ಳತನ ದಕ್ಕುತ್ತದೆ ಎಂದು ನನ್ನ ಎಣಿಕೆ. ಅಲ್ಲದೆ ಯಾವ ಚೆಂಡನ್ನು ಪ್ರಶ್ನಿಸಬೇಕು ಎಂದು ಎಲ್ಲರಿಗಿಂತ ಚೆನ್ನಾಗಿ ಬಲ್ಲವನು ಅಂಥ ಕ್ಯಾಚರನೇ ಆಗಿರುತ್ತಾನೆ.

ಆ ಚಳಿಗಾಲದ ಒಂದು ಶನಿವಾರ ಇದನ್ನೆಲ್ಲ ರಾಯರ ಮುಂದಿಟ್ಟು, ಹಾಗಾದರೆ ಅರಾಯೆಸ್‌ಗೆ ಎಷ್ಟು ಎಂಬಲ್ಲಿಗೆ ಮರಳಿದೆವು. ಹಣದ ಮಾತು ಬಿಟ್ಟಿದ್ದೇನೆ, ಮಾಲೀಕರು ಎಷ್ಟಾದರೂ ಕೊಡಲಿ ಎಂದೆ. ಆದರೆ ವರ್ಷಕ್ಕೆ 650ಕ್ಕೂ ಹೆಚ್ಚು ಸಲ ಬ್ಯಾಟ್ ಹಿಡಿಯುವವನು, ಬೇಸ್ ತಲುಪುವ ಪ್ರಮಾಣದಲ್ಲಿ ಸರಾಸರಿಗಿಂತ ಅಷ್ಟೇನೂ ಮೇಲಿಲ್ಲದವನು, ನಮ್ಮ ಔಟ್‌ಗಳನ್ನು ಎಷ್ಟು ಖರ್ಚು ಮಾಡುತ್ತಾನೆ ನೋಡಿ, ಸ್ಟ್ರೈಕ್‌ಔಟ್ ಆದರೂ ನೆಲದ ಮೇಲೆ ಉರುಳಿಸಿ ಔಟಾದರೂ ಖರ್ಚಾಗುವುದು ಅದೇ ಒಂದು ಔಟ್, ಆದ್ದರಿಂದ ಒಂದು ವರ್ಷಕ್ಕಿಂತ ಹೆಚ್ಚು ಜಾಗ ಕೊಡಬಾರದು ಎಂಬುದೇ ನನ್ನ ಅಂತಿಮ ತೀರ್ಪು ಎಂದೆ.

ರಾಯರು ನಡಿಗೆ ನಿಲ್ಲಿಸಿದರು. ಫ್ಲಾಸ್ಕನ್ನು ನನ್ನ ಕೈಗೆ ಕೊಟ್ಟು, ನನ್ನನ್ನೇ ನೋಡುತ್ತ, ಮಂಕಿ ಕ್ಯಾಪಿನ ನೆತ್ತಿಯನ್ನು ಎರಡು ಸಲ ತಟ್ಟಿಕೊಂಡರು.